ಜೀವಂತ ಬಂದವರನ್ನ ಯಾರು ಕೇಳ್ತಾರ?

ಹ್ವಾದ ವಾರ ಅಕ್ಕನ ಮನಿಗೆ ಹೋಗಿದ್ದೆ. ಅಟ್ಟದ ಮ್ಯಾಲಿನ ಕರೇ ಟ್ರಂಕು ಇಳಿಸಿ ಕೌದಿ ಬಿಸಲಿಗೆ ಹಾಕಾಕ ಹತ್ತಿದ್ಲು. ಟ್ರಂಕಿನ ಮ್ಯಾಲ ಬಿಳೇ ಬಣ್ಣದಾಗ ಮಾಮಾರ ನಂಬರು, ಹೆಸರು ಇನ್ನೂ ಹಂಗ ಐತಿ. ಮಿಲಿಟರಿಯಿಂದ ಅವರ ಜೋಡಿ ಬಂದಿದ್ದು ಆ ಟ್ರಂಕು, ಒಂದು ಹಸರ ಕಂಬಳಿ, ಕೇಳಿಸದ ಎಡಗಿವಿ. ಅವರು ಹೋಗಿ ಮೂರು ವರ್ಷಾತು. ಕೌದಿ ಕೊಡವಿಕೋತ ಅಕ್ಕ, "ಸತ್ತು ಬಂದಿದ್ರ ಊರಾಗ ಮೂರ್ತಿ ನಿಲ್ಲಿಸ್ತಿದ್ರು ನೋಡವಾ. ಜೀವಂತ ಬಂದ್ರು, ಅದಕ್ಕ ಬ್ಯಾಂಕಿನ ಬಾಗಲಾ ಕಾದ್ರು" ಅಂದ್ಲು. ಆ ಮಾತು ನನ್ನ ತಲ್ಯಾಗಿಂದ ಹೋಗವಲ್ದು.

1987ರಾಗ ನಾನು ಪಿಯುಸಿ ಓದ್ತಿದ್ದೆ. ಮಾಮಾರು ಶ್ರೀಲಂಕಾಕ್ಕ ಹೋದ್ರು, ಮಿಲಿಟರಿ ಲಾರಿ ಹೊಡ್ಯಾಕ. ಶಾಂತಿ ಪಾಲನಾ ಪಡೆ ಅಂತ ಅದರ ಹೆಸರು. ಶಾಂತಿ ಎಲ್ಲೀದು? ಜಾಫ್ನಾದ ದಾರಿ ತುಂಬ ನೆಲಬಾಂಬು. ಮುಂದಿನ ಲಾರಿ ಹಾರಿದಾಗ ಮಾಮಾರ ಕಿವಿ ಹೋತು, ಲಾರ್‍ಯಾಗಿದ್ದ ಗೆಳ್ಯಾನ ಜೀವ ಹೋತು. ಅಲ್ಲಿ ಸತ್ತ ನಮ್ಮ ಸೈನಿಕರು 1,100ಕ್ಕಿಂತ ಹೆಚ್ಚು. 1990ರ ಮಾರ್ಚ್ ತಿಂಗಳದಾಗ ಕಡೇ ತುಕಡಿ ಹಡಗಿನಾಗ ಮದ್ರಾಸಿಗೆ ಬಂದಾಗ, ಆಗಿನ ಮುಖ್ಯಮಂತ್ರಿ ಕರುಣಾನಿಧಿಯವರು ಸ್ವಾಗತಕ್ಕ ಬರಲಿಲ್ಲ. ಅವರಿಗೆ ಅವರ ಜನದ ಸಂಕಟ ಇತ್ತು, ಅದೂ ಖರೇನ. ಆದ್ರ ಹೋಗ್ರಿ ಅಂತ ಕಳಿಸಿದವರು ದಿಲ್ಲಿಯವರು, ಕಳಿಸಿದ್ದಕ್ಕ ಬೈಸಿಕೊಂಡವರು ಜವಾನರು. ಇದು ಯಾವ ನ್ಯಾಯ? ಅಲ್ಲಿ ಸತ್ತ ನಮ್ಮವರ ಹೆಸರಿನ ಸ್ಮಾರಕ ಕೊಲಂಬೋ ಹತ್ತಿರ ಐತಿ. ದಿಲ್ಲಿಯಾಗ ರಾಷ್ಟ್ರೀಯ ಯುದ್ಧ ಸ್ಮಾರಕ ತೆರೆದದ್ದು 2019ರಾಗ.

ಸರ್ಕಾರ ಇರ್ಲಿ, ನಾವೇನು ಮಾಡಿದ್ವಿ? ಮಾಮಾರು ರಜಾಕ್ಕ ಬಂದ್ರ ಊರ ಮಂದಿ ಮೊದಲ ಕೇಳೂದು "ರಮ್ ತಂದೀರೇನ್ರಿ?" ಅಂತ. ಶ್ರೀಲಂಕಾದಾಗ ಏನಾತು ಅಂತ ಒಬ್ಬರೂ ಕೇಳಿದ್ದು ನನಗ ನೆನಪಿಲ್ಲ. ದೀಪಾವಳಿಯಾಗ ಪಟಾಕಿ ಸಪ್ಪಳಾದ್ರ ಅವರು ದನದ ಕೊಟ್ಟಿಗ್ಯಾಗ ಹೋಗಿ ಎತ್ತಿನ ಕೊಳ್ಳ ಹಿಡಕೊಂಡು ಕುಂದರ್ತಿದ್ರು. ಹುಡುಗರು ನಗ್ತಿದ್ವು. ನಾನೂ ನಕ್ಕೀನಿ, ಸುಳ್ಳ್ಯಾಕ ಹೇಳ್ಲಿ. ರಾತ್ರಿ ಚೀರಿ ಎದ್ರ ಗಾಳಿ ಸೋಂಕೈತಿ ಅಂತ ನಮ್ಮವ್ವ ತಾಯತ ಕಟ್ಟಿಸಿದ್ಲು. ಡಾಕ್ಟರಿಗೆ ತೋರಸೂ ಜಡ್ಡು ಅದು ಅಂತ ನಮಗ ತಿಳೀಲಿಲ್ಲ, ತಿಳಿಸುವವರೂ ಇರಲಿಲ್ಲ. ಅಕ್ಕ ಒಬ್ಬಾಕಿನ ಕಂದೀಲು ಹಚ್ಚಿಕೊಂಡು ಅವರ ಕೈ ಹಿಡಕೊಂಡು ಕೂಡ್ತಿದ್ಲು.

1993ರಾಗ ಹವಾಲ್ದಾರರಾಗಿ ಮನಿಗೆ ಬಂದ್ರು. ವಯಸ್ಸು ಮೂವತ್ತಾರು. ಮಿಲಿಟರಿಯಾಗ ಅಷ್ಟೊತ್ತಿಗೆ ಮುದುಕ, ಊರಾಗ ಇನ್ನೂ ಹುಡುಗ. ಮಕ್ಕಳು ಸಾಲಿಗೆ ಹೋಗ್ತಿದ್ವು, ಪೆನ್ಶನ್ ಸಾಲ್ತಿರಲಿಲ್ಲ. ಕಿವಿ ಹೋದದ್ದು ಸೇವಾದಿಂದ ಅಲ್ಲ ಅಂತ ಬರದು ಕೈಗೆ ಕಾಗದ ಕೊಟ್ಟಿದ್ರು. ಹಂಗಾರ ಯಾವುದರಿಂದ ಹೋತು, ಅಕ್ಕ ಬೈದದ್ದಕ್ಕ ಹೋತೇನು? ಮುಂದ 2013ರಾಗ ಧರಮ್‌ವೀರ್ ಸಿಂಗ್ ಅನ್ನೋ ಸಿಪಾಯಿಯ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೇಳಿತು: ಸೈನ್ಯಕ್ಕ ಸೇರುವಾಗ ಜಡ್ಡು ಇತ್ತು ಅಂತ ಬರದಿಲ್ಲಂದ್ರ ಆತ ಗಟ್ಟಿ ಇದ್ದಾ ಅಂತನ ತಿಳೀಬೇಕು, ಜಡ್ಡು ಸೇವಾದಿಂದ ಬಂದದ್ದಲ್ಲ ಅಂದ್ರ ಅದನ್ನ ಸರ್ಕಾರನ ತೋರಿಸಿಕೊಡಬೇಕು. ಆ ಸುದ್ದಿ ಪೇಪರಿನಾಗ ಓದಿ ನಾನು ಮಾಮಾರಿಗೆ ಹೇಳಿದೆ. "ಇನ್ನ ವಕೀಲರಿಗೆ ರೊಕ್ಕ ಎಲ್ಲಿಂದ ತರ್ಲಿ, ಬಿಡ ತಂಗಿ" ಅಂದ್ರು. ಒಂದ ಹುದ್ದೆ ಒಂದ ಪೆನ್ಶನ್ ಬೇಕಂತ 2015ರಾಗ ಮಾಜಿ ಸೈನಿಕರು ದಿಲ್ಲಿಯ ಜಂತರ್ ಮಂತರ್‌ನಾಗ ತಿಂಗಳಗಟ್ಟಲೆ ಕುಂತ್ರು. ಸ್ವಾತಂತ್ರ್ಯ ದಿನದ ಹಿಂದಿನ ದಿನ ಪೊಲೀಸರು ಅವರನ್ನ ಜಗ್ಗಾಡಿದ್ದು ಟಿವಿಯಾಗ ಬಂತು. ಮಾಮಾರು ಎದ್ದು ಟಿವಿ ಬಂದ್ ಮಾಡಿದ್ರು.

ಮಂದಿಗೆ ಸೈನಿಕರ ಮ್ಯಾಲ ಪ್ರೀತಿ ಇಲ್ಲಂತ ನಾ ಹೇಳೂದಿಲ್ಲ. 2016ರಾಗ ಬೆಟದೂರಿನ ಹನಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮದಾಗಿಂದ ಆರು ದಿನದ ಮ್ಯಾಲ ಜೀವಂತ ಸಿಕ್ಕು, ಆಮ್ಯಾಲ ದವಾಖಾನ್ಯಾಗ ತೀರಿಕೊಂಡಾಗ ಹುಬ್ಬಳ್ಳಿಗೆ ಎಷ್ಟು ಮಂದಿ ಬಂದಿದ್ರು! ನಾನೂ ಅತ್ತೀನಿ. ಆದ್ರ ಅದ ಮಂದಿ ಎಟಿಎಂ ಮುಂದ ನಿಂತ ಮಾಜಿ ಹವಾಲ್ದಾರರಿಗೆ "ಏ ವಾಚ್‌ಮನ್, ಗಾಡಿ ಸರಸು" ಅಂತಾರ.

ಈಗ ಅಕ್ಕಂದು ಬ್ಯಾರೆ ಗೋಳು. ಮಿಲಿಟರಿ ದಾಖಲೆದಾಗ ಆಕೀ ಹೆಸರಿನ ಕಡೀಗೆ 'ವ್ವ' ಐತಿ, ಆಧಾರದಾಗ 'ಬಾಯಿ'. ಇಷ್ಟಕ್ಕ ಹನ್ನೊಂದು ತಿಂಗಳು ಕುಟುಂಬ ಪಿಂಚಣಿ ನಿಂತಿತ್ತು. ಈ ಆಫೀಸಿನಿಂದ ಆ ಆಫೀಸಿಗೆ, ಅಫಿಡವಿಟ್ಟು, ಮತ್ತೊಂದು ಅಫಿಡವಿಟ್ಟು. "ನಾನ ಅವನ ಹೆಂಡ್ತಿ ಅಂತ ನಲವತ್ತು ವರ್ಷದ ಮ್ಯಾಲ ಸ್ಟಾಂಪ್ ಕಾಗದದಾಗ ಬರಕೊಡಬೇಕಾತು" ಅಂತ ನಗ್ತಾಳ. ತಂಗ್ಯಾರ, ನಿಮ್ಮ ಮನ್ಯಾಗ ಮಿಲಿಟರಿ ಪೆನ್ಶನ್ ತಗೊಳ್ಳೋರು ಇದ್ರ ಇವತ್ತ ಪಿಪಿಓ ಕಾಗದ ತಗಸ್ರಿ, ನಿಮ್ಮ ಹೆಸರು, ಹುಟ್ಟಿದ ತಾರೀಖು ಆಧಾರಕ್ಕ ಕೂಡ್ತೈತೋ ಇಲ್ಲೋ ನೋಡ್ರಿ. ತಪ್ಪಿದ್ರ ಯಜಮಾನರು ಇರೂಮಟ ಅವರ ಕೈಲೆ ರೆಕಾರ್ಡ್ ಆಫೀಸಿಗೆ ಬರಸ್ರಿ. ಜಿಲ್ಲಾ ಸೈನಿಕ ಕಲ್ಯಾಣ ಇಲಾಖೆಯಾಗ ಹೆಂಗ ಬರೀಬೇಕು ಅಂತ ಕೇಳಬಹುದು. ಗಂಡಸರು "ಆಮ್ಯಾಲ ನೋಡೂನು" ಅಂತಾರ, ಬಿಡಬ್ಯಾಡ್ರಿ.

ಅಕ್ಕನ ಮೊಮ್ಮಗ ಈಗ ಅಗ್ನಿವೀರ ಆಗ್ತೀನಿ ಅಂತ ಕುಂತಾನ. ನಾಲ್ಕ ವರ್ಷ ನೌಕರಿ, ಆಮ್ಯಾಲ ನೂರಕ್ಕ ಇಪ್ಪತ್ತೈದು ಮಂದೀನ ಅಷ್ಟ ಇಟಗೋತಾರ. ಉಳಿದವರಿಗೆ ಬಡ್ಡಿ ಕೂಡಿ ಹತ್ತಿರ ಹತ್ತಿರ 11.71 ಲಕ್ಷ ಕೈಗೆ, ಅದರಾಗ ಅರ್ಧ ಅವರದ ಪಗಾರದಾಗ ಹಿಡದದ್ದು. ಪೆನ್ಶನ್ ಇಲ್ಲ. ನಮ್ಮ ಮಾಮಾರಿಗೆ ಕಡೀಕ ತಿಂಗಳಾ ಬರೂ ರೊಕ್ಕ ಆದ್ರೂ ಇತ್ತು. ಇಪ್ಪತ್ಮೂರಕ್ಕ ಮನಿಗೆ ಬರೂ ಹುಡುಗಗ ಏನೈತಿ? ಹೋಗಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು, ಇಲ್ಲಿ ಅವಗ ಬ್ಯಾರೆ ಕೆಲಸಾ ಎಲ್ಲೈತಿ? ಮುಂಜಾನೆ ನಾಕಕ್ಕೆದ್ದು ಡಾಂಬರ ರಸ್ತಾದಾಗ ಓಡ್ತಾನ. ಅಕ್ಕ ಅವನಕಿಂತ ಮೊದಲ ಎದ್ದು ಮೊಳಕಿ ಹೆಸರಕಾಳು, ಹಾಲು ತಯಾರಿಡ್ತಾಳ.

ಕೌದಿ ಮಡಚೂ ಹೊತ್ತಿಗೆ ಹುಡುಗ ಬಂದು, "ಅಜ್ಜೀ, ಅಜ್ಜನ ಟ್ರಂಕು ನನಗ ಬೇಕು" ಅಂದ. ಅಕ್ಕ ಏನೂ ಅನ್ನಲಿಲ್ಲ. ಕೌದಿ ತಿರುಗಿ ಅದರಾಗ ಇಟ್ಟು ಬೀಗ ಹಾಕಿದ್ಲು.