ಕೊಳಚೆಗೆ ಕೊಟ್ಟ ಹಣ ಎಲ್ಲಿಗೆ ಹರಿಯುತ್ತದೆ?

ನಮ್ಮ ನಗರಗಳ ಕೊಳಚೆ ನೀರಿನ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ, ‘ಹಣವೆಲ್ಲಿದೆ?’ ಎಂಬುದು. ಹಣ ಸಾಲದು, ನಿಜ. ಆದರೆ ಕೊಟ್ಟ ಹಣದಿಂದ ಏನಾಯಿತು ಎಂಬ ಪ್ರಶ್ನೆ ಅಷ್ಟೇ ಮುಖ್ಯವಾದುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಮೂರು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡೋಣ. ಭಾರತದ ನಗರಗಳಲ್ಲಿ ದಿನವೊಂದಕ್ಕೆ ಹುಟ್ಟುವ ಕೊಳಚೆ 72,368 ದಶಲಕ್ಷ ಲೀಟರ್. ಸ್ಥಾಪಿತ ಶುದ್ಧೀಕರಣ ಸಾಮರ್ಥ್ಯ 31,841 ದಶಲಕ್ಷ ಲೀಟರ್. ವಾಸ್ತವದಲ್ಲಿ ಶುದ್ಧಗೊಳ್ಳುವುದು 20,235 ದಶಲಕ್ಷ ಲೀಟರ್. ಮೊದಲ ಎರಡು ಅಂಕಿಗಳ ನಡುವಿನ ಅಂತರಕ್ಕೆ ಹಣದ ಕೊರತೆಯನ್ನು ಕಾರಣವಾಗಿ ಹೇಳಬಹುದು. ಕೊನೆಯ ಎರಡರ ನಡುವಿನ ಅಂತರಕ್ಕೆ ಆ ಸಬೂಬು ಸಲ್ಲದು. ಅಲ್ಲಿ ಹಣ ಖರ್ಚಾಗಿದೆ, ಘಟಕವೂ ಎದ್ದು ನಿಂತಿದೆ. ಆದರೂ ಸಾಮರ್ಥ್ಯದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಳಕೆಗೆ ಬಂದಿಲ್ಲ.

ಇದರ ಮೂಲ ಅನುದಾನದ ಸ್ವರೂಪದಲ್ಲಿಯೇ ಇದೆ. ಸರ್ಕಾರಿ ಕಚೇರಿಯಲ್ಲಿ ಎರಡು ದಶಕ ಕಳೆದ ನನಗೆ ಹಣಬಳಕೆ ಪ್ರಮಾಣಪತ್ರದ ಮಹಿಮೆ ಚೆನ್ನಾಗಿ ಗೊತ್ತು. ಮಂಜೂರಾದ ಉದ್ದೇಶಕ್ಕೇ ಹಣ ವೆಚ್ಚವಾಗಿದೆ ಎಂದು ಅದು ಸಾರುತ್ತದೆ. ಅದರ ಬಲದ ಮೇಲೆ ಮುಂದಿನ ಕಂತು ಬಿಡುಗಡೆಯಾಗುತ್ತದೆ. ಘಟಕದಿಂದ ಹೊರಬಿದ್ದ ನೀರು ಹೇಗಿದೆ ಎಂದು ಅದು ಕೇಳುವುದಿಲ್ಲ. 2015ರಲ್ಲಿ ಆರಂಭವಾದ ಅಮೃತ್ ಯೋಜನೆಯಲ್ಲಿಯೂ ಕೇಂದ್ರದ ನೆರವು ನಿರ್ಮಾಣಕ್ಕೆ. ನಿರ್ವಹಣೆಯ ವೆಚ್ಚವನ್ನು ಸ್ಥಳೀಯ ಸಂಸ್ಥೆ ಬಳಕೆದಾರರ ಶುಲ್ಕದಿಂದ ತುಂಬಿಕೊಳ್ಳಬೇಕು. ಆಸ್ತಿ ತೆರಿಗೆಯನ್ನೇ ಪೂರ್ತಿ ವಸೂಲು ಮಾಡಲಾಗದ ಪುರಸಭೆಯೊಂದು ಪಂಪುಗಳ ವಿದ್ಯುತ್ ಬಿಲ್ಲನ್ನೂ ನಿರ್ವಾಹಕರ ಸಂಬಳವನ್ನೂ ಎಲ್ಲಿಂದ ತರಬೇಕು? ಉದ್ಘಾಟನೆಯ ಕಲ್ಲು ಉಳಿಯುತ್ತದೆ, ಯಂತ್ರ ನಿಲ್ಲುತ್ತದೆ.

ದೆಹಲಿಯಲ್ಲಿರುವ ನಮಗೆ ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಜಪಾನಿನ ಸಾಲದ ನೆರವಿನಿಂದ ಯಮುನಾ ಕ್ರಿಯಾ ಯೋಜನೆ ಆರಂಭವಾದದ್ದು 1993ರಲ್ಲಿ. ವಜೀರಾಬಾದಿನಿಂದ ಓಖ್ಲಾದವರೆಗಿನ 22 ಕಿಲೋಮೀಟರು ನದಿಯ ಉದ್ದದ ಶೇ. 2ರಷ್ಟೂ ಇಲ್ಲ, ನದಿಯ ಮಾಲಿನ್ಯದ ಬಹುಪಾಲು ಸೇರುವುದು ಅಲ್ಲಿಯೇ. ಛಠ್ ಹಬ್ಬದ ದಿನಗಳಲ್ಲಿ ಕಾಲಿಂದಿ ಕುಂಜ್ ಬಳಿ ನೊರೆಯ ನಡುವೆ ನಿಂತು ಹೆಂಗಸರು ಸೂರ್ಯನಿಗೆ ಅರ್ಘ್ಯ ಕೊಡುವ ಚಿತ್ರಗಳನ್ನು ನೋಡದವರು ಯಾರು?

ಇನ್ನೊಂದು ಲೋಪ ಬೀದಿಗೂ ಮನೆಗೂ ನಡುವೆ ಇದೆ. ಮುಖ್ಯ ಕೊಳವೆ ಹಾಯ್ದುಹೋದರೂ ಮನೆಯಿಂದ ಅಲ್ಲಿಗೆ ಸಂಪರ್ಕ ಕಲ್ಪಿಸುವ ಖರ್ಚನ್ನು ಬಡವರು ಭರಿಸಲಾರರು. ಆಗ ಉಳಿಯುವುದು ಶೌಚಗುಂಡಿ. ಅದು ತುಂಬಿದಾಗ ಮನುಷ್ಯನನ್ನೇ ಇಳಿಸುವ ಅನಿಷ್ಟ. 2013ರ ಕಾಯ್ದೆ ಇದನ್ನು ನಿಷೇಧಿಸಿದೆ. 2014ರಲ್ಲಿ ಇಂಥ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ವಿಧಿಸಿದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿತು, ಸಾವು ನಿಲ್ಲಲಿಲ್ಲ.

ಕೊಳಕು ಮಾಡಿದವರೇ ತೆರಲಿ, ಸರ್ಕಾರದ ಬೊಕ್ಕಸವೇಕೆ ಎಂಬ ವಾದವಿದೆ. ಇದರಲ್ಲಿ ಅರ್ಧ ಸತ್ಯವಿದೆ. ನೀರಿನ ಬಿಲ್ಲಿನೊಡನೆ ಒಳಚರಂಡಿ ಶುಲ್ಕವನ್ನು ಉಳ್ಳವರಾದರೂ ಪೂರ್ತಿ ಕೊಡಲೇಬೇಕು. ಆದರೆ ಕೊಳಚೆ ಹರಿಯುವುದು ಕೆಳಗಿನ ಊರಿಗೆ. ಶುದ್ಧೀಕರಣದ ಫಲ ಉಣ್ಣುವವರು ಶುಲ್ಕ ತೆತ್ತವರಲ್ಲ, ಕೆಳಗಿನವರು. ಬೆಂಗಳೂರಿನ ಸಂಸ್ಕರಿತ ನೀರು 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯ ಮೂಲಕ ಕೋಲಾರದ ಕೆರೆಗಳನ್ನು ತುಂಬುತ್ತಿದೆ. ಅದನ್ನು ಮೂರನೆಯ ಹಂತದವರೆಗೆ ಶುದ್ಧಗೊಳಿಸಿ ಎಂದು ಕೇಳುತ್ತಿರುವವರು ಬೆಂಗಳೂರಿಗರಲ್ಲ, ಆ ಕೆರೆಗಳ ಅಂಚಿನಲ್ಲಿ ಬದುಕುವವರು. ಹೀಗೆ ಎಲ್ಲೆ ದಾಟುವ ಹಿತಕ್ಕೆ ಸಾರ್ವಜನಿಕ ಹಣವೇ ತಕ್ಕ ದಾರಿ.

ಹಾಗಾದರೆ ಅನುದಾನ ಹೇಗಿರಬೇಕು? ಮಾದರಿ ನಮ್ಮಲ್ಲೇ ಇದೆ. ನಮಾಮಿ ಗಂಗೆಯ ಕೆಲವು ಘಟಕಗಳಿಗೆ ಬಂಡವಾಳದ ಶೇ. 40ನ್ನು ಮಾತ್ರ ನಿರ್ಮಾಣದ ವೇಳೆ ಕೊಟ್ಟು, ಉಳಿದ ಶೇ. 60ನ್ನು ನಿರ್ವಹಣೆಯ ವೆಚ್ಚದೊಂದಿಗೆ 15 ವರ್ಷಗಳ ಕಾಲ, ಘಟಕದ ಕೆಲಸ ನೋಡಿ ಕೊಡಲಾಗುತ್ತದೆ. ಈ ತತ್ತ್ವ ಸಣ್ಣ ಪಟ್ಟಣಗಳಿಗೂ ಬರಬೇಕು. ಮನೆಯ ಸಂಪರ್ಕವೂ ಯೋಜನೆಯ ಅಂಗವಾಗಬೇಕು. ಒಳಚರಂಡಿ ದುಬಾರಿಯೆನಿಸುವ ಕಡೆ ದೇವನಹಳ್ಳಿಯ ದಾರಿಯಿದೆ: ಅಲ್ಲಿ 2015ರಿಂದ ಶೌಚಗುಂಡಿಗಳ ಹೂಳನ್ನು ವಾಹನದಲ್ಲಿ ತಂದು ಸಂಸ್ಕರಿಸಿ ಗೊಬ್ಬರವಾಗಿಸುತ್ತಿದ್ದಾರೆ.

ಹೊರನಾಡಿನಲ್ಲಿರುವ ನಾವು ಊರಿನ ಗುಡಿಯ ಜೀರ್ಣೋದ್ಧಾರಕ್ಕೆ, ಶಾಲೆಯ ಶತಮಾನೋತ್ಸವಕ್ಕೆ ಕೈಲಾದಷ್ಟು ಕಳುಹಿಸುವವರು. ಅದರ ಜೊತೆಗೆ 10 ರೂಪಾಯಿ ಶುಲ್ಕದ ಒಂದು ಮಾಹಿತಿ ಹಕ್ಕಿನ ಅರ್ಜಿಯನ್ನೂ ಕಳುಹಿಸೋಣ; ಊರಿನ ಪುರಸಭೆಗೂ, ನಾವೀಗ ವಾಸಿಸುವ ನಗರದ ಪಾಲಿಕೆಗೂ. ಎಷ್ಟು ಕೋಟಿ ಖರ್ಚಾಯಿತೆಂದು ಕೇಳುವುದು ಬೇಡ. ಕಳೆದ ಹನ್ನೆರಡು ತಿಂಗಳಲ್ಲಿ ಘಟಕದಿಂದ ಹೊರಬಂದ ನೀರಿನ ಪರೀಕ್ಷಾ ವರದಿಯನ್ನು ಕೇಳೋಣ. ಆ ವರದಿಯನ್ನು ಓದುವವರಿದ್ದಾರೆಂದು ತಿಳಿದರೆ ಅದನ್ನು ಬರೆಯುವವರ ಎಚ್ಚರವೂ ಹೆಚ್ಚುತ್ತದೆ.