ಸ್ಟೀರಿಂಗ್ ಮುಷ್ಕರ ಹೂಡಿದಾಗ

ಕೆಲವು ದುಬಾರಿ ಕಾರುಗಳಲ್ಲಿ ಗುಂಡಿ ಒತ್ತಿದರೆ ಸಾಕು, ಸ್ಟೀರಿಂಗ್ ಮೇಲಕ್ಕೋ ಕೆಳಕ್ಕೋ ಬಾಗುತ್ತದೆ. ಅಲ್ಲಿ ಅಡಗಿರುವ 12 ವೋಲ್ಟಿನ ಪುಟ್ಟ ಮೋಟಾರು, ಹಲ್ಲುಚಕ್ರಗಳ ಮೂಲಕ ಉದ್ದನೆಯ ಸ್ಕ್ರೂ ಒಂದನ್ನು ತಿರುಗಿಸುತ್ತದೆ. ಅದರ ಮೇಲಿನ ನಟ್ಟು ಸರಿದಂತೆ ಸ್ಟೀರಿಂಗ್ ಬಾಗುತ್ತದೆ. ಇದು ಸಿಕ್ಕಿಕೊಂಡರೆ? ಸ್ಪ್ಯಾನರ್ ಹಿಡಿಯುವ ಮೊದಲು ಕಿವಿಗೊಟ್ಟು ಕೇಳಿ.

ಸದ್ದೇ ಇಲ್ಲವೆ? ಮೋಟಾರಿಗೆ ವಿದ್ಯುತ್ತು ತಲುಪುತ್ತಿರಲಿಕ್ಕಿಲ್ಲ. ಕೀ ತೆಗೆದು, ಕಾರಿನ ಕೈಪಿಡಿ ನೋಡಿ ಅದರ ಫ್ಯೂಸ್ ಹುಡುಕಿ. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಿ. ಅದೂ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ಹೆಚ್ಚು ಆಂಪಿಯರಿನ ಫ್ಯೂಸ್ ಹಾಕುವುದು ಬೆಂಕಿಗೆ ಆಹ್ವಾನ. ಫ್ಯೂಸ್ ಸರಿಯಿದ್ದರೆ ದೋಷ ಸ್ವಿಚ್ಚಿನಲ್ಲೋ ವೈರಿನಲ್ಲೋ ಮೋಟಾರಿನಲ್ಲೋ ಇದ್ದೀತು.

'ಗುಂಯ್' ಎಂಬ ಸದ್ದಿದ್ದೂ ಸ್ಟೀರಿಂಗ್ ಅಲುಗದಿದ್ದರೆ ಮೋಟಾರು ಜೀವಂತವಾಗಿದೆ, ಹಲ್ಲು ಸವೆದಿರಬಹುದು. ಕೈಯಿಂದ ಜಗ್ಗಿದರೆ ಉಳಿದದ್ದೂ ಮುರಿದೀತು.

ಪಾಲಕರೇ, ಇಲ್ಲಿಂದ ಮುಂದಿನದು ಮೆಕ್ಯಾನಿಕ್ಕಿನ ಕೆಲಸ. ಸ್ಟೀರಿಂಗಿನ ನಡುವೆ ಏರ್‌ಬ್ಯಾಗ್ ಇದೆ. ರೆಪ್ಪೆ ಮಿಟುಕಿಸುವುದರೊಳಗೆ ಉಬ್ಬುವ ಅದು, ಬಿಚ್ಚುವಾಗ ಎಡವಟ್ಟಾದರೆ ಮುಖಕ್ಕೇ ಅಪ್ಪಳಿಸೀತು. ಹಾಗೆಂದು ದುರಸ್ತಿಯನ್ನು ಮುಂದೂಡಲೂ ಬೇಡಿ. ಸ್ಟೀರಿಂಗ್ ಚಾಲಕನ ಎದೆಯತ್ತ ತಿರುಗಿರಬೇಕು, ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರವಿರಬೇಕು. ಮುಖದತ್ತ ಎದ್ದು ನಿಂತುಬಿಟ್ಟರೆ, ಅಪಘಾತದಲ್ಲಿ ಕಾಪಾಡಬೇಕಾದ ಏರ್‌ಬ್ಯಾಗೇ ಮುಖ, ಕತ್ತಿಗೆ ಪೆಟ್ಟು ಕೊಟ್ಟೀತು.

ವಿದ್ಯಾರ್ಥಿಗಳೇ, ಸುಲಭವಾದುದನ್ನು ಮೊದಲು ನೋಡಿ, ಒಂದೊಂದೇ ಕಾರಣವನ್ನು ಕೈಬಿಡುತ್ತಾ ಹೋಗುವ ಈ ಕ್ರಮ ಮನೆಯ ಮಿಕ್ಸಿಗೂ ಸಲ್ಲುತ್ತದೆ, ಬಿಡಿಸಲಾಗದ ಲೆಕ್ಕಕ್ಕೂ ಸಲ್ಲುತ್ತದೆ.