ಐಚ್ಛಿಕ ಕನ್ನಡವೂ ಜಿಆರ್‌ಇ ಸಿದ್ಧತೆಯೂ

ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಉನ್ನತ ವ್ಯಾಸಂಗ ಮಾಡಬಯಸಿ ಜಿಆರ್‌ಇ ಬರೆಯುವವರಿಗೆ ಐಚ್ಛಿಕ ಕನ್ನಡ ಹೊರೆಯೆಂಬ ಮಾತು ನಮ್ಮ ಕಾಸರಗೋಡಿನಲ್ಲಿಯೂ ಕೇಳಿಬರುತ್ತದೆ. ಪರೀಕ್ಷೆಯ ಸ್ವರೂಪವನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಅದರ ಭಾಷಾವಿಭಾಗದಲ್ಲಿ 41 ನಿಮಿಷಗಳಿಗೆ 27 ಪ್ರಶ್ನೆಗಳಿವೆ. ವಿರುದ್ಧಪದ, ಪದಸಾದೃಶ್ಯಗಳ ಬಿಡಿ ಪ್ರಶ್ನೆಗಳನ್ನು 2011ರಲ್ಲಿಯೇ ಕೈಬಿಡಲಾಯಿತು. ಈಗ ಸುಮಾರು ಅರ್ಧದಷ್ಟು ಪ್ರಶ್ನೆಗಳು ಗದ್ಯಭಾಗದ ಗ್ರಹಿಕೆಗೆ ಸಂಬಂಧಿಸಿದವು. ಉಳಿದವುಗಳಲ್ಲಿ ವಾಕ್ಯದ ಬಿಟ್ಟ ಸ್ಥಳವನ್ನು ತುಂಬಬೇಕು. ಅಲ್ಲಿ ‘ಆದರೆ’, ‘ಆದ್ದರಿಂದ’, ‘ಆದಾಗ್ಯೂ’ ಎಂಬರ್ಥದ ಪದಗಳೇ ದಾರಿ ತೋರುತ್ತವೆ. ಹಳಗನ್ನಡ ಪದ್ಯವನ್ನು ಅನ್ವಯಿಸುವಾಗ ಕರ್ತೃವನ್ನೂ ಕ್ರಿಯೆಯನ್ನೂ ಹುಡುಕಿ, ಯಾವ ವಿಶೇಷಣ ಯಾವುದಕ್ಕೆ ಸಲ್ಲುವುದೆಂದು ನಿರ್ಣಯಿಸುವ ನಮಗೆ ಈ ಬಗೆಯ ಓದು ಹೊಸತಲ್ಲ.

ಆದರೂ ಆತ್ಮವಂಚನೆ ಬೇಡ. ಕನ್ನಡದ ಓದು ಇಂಗ್ಲಿಷ್ ಪದಸಂಪತ್ತನ್ನು ತಂದುಕೊಡದು. ಪದಪಟ್ಟಿಯನ್ನು ಉರುಹೊಡೆದರೂ ಪದದ ಬಳಕೆ ತಿಳಿಯದು. ದಿನಕ್ಕೊಂದು ಇಂಗ್ಲಿಷ್ ಪ್ರಬಂಧವನ್ನು ಓದಿ, ಅದರ ವಾದವನ್ನು ಕನ್ನಡದಲ್ಲಿ ಎರಡು ವಾಕ್ಯಗಳಾಗಿ ಬರೆಯಿರಿ. ಹೊಸ ಪದವನ್ನು ಅದು ಬಂದ ವಾಕ್ಯದೊಡನೆಯೇ ಗುರುತುಹಾಕಿಕೊಳ್ಳಿರಿ. ಎರಡು ವಾಕ್ಯ ಬರೆಯಲು ತೋಚದಿದ್ದರೆ ಪ್ರಬಂಧ ಅರ್ಥವಾಗಿಲ್ಲವೆಂದು ತಿಳಿದು ಮತ್ತೊಮ್ಮೆ ಓದಿರಿ. ಕನ್ನಡವನ್ನು ಬಿಡುವ ಯೋಚನೆಯಿದ್ದವರು ಮೊದಲು ಮೂರು ತಿಂಗಳು ಈ ಅಭ್ಯಾಸವನ್ನು ನಡೆಸಿ ನೋಡಲಿ.